ಗಿಟ್ ಆ್ಯಡ್‌ನ ‘-ಪಿ’ ಆಯ್ಕೆ: ಎಂಟು ವರ್ಷಗಳ ಬಳಕೆಯ ಬಳಿಕ

ಲಿನಕ್ಸ್ ಕರ್ನಲ್‌ನ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್, ಕೋಡಿನಲ್ಲಾಗುವ ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ತಂತ್ರಾಂಶ; ಅದನ್ನು ಇಲ್ಲಿ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ನಾನು ಬರೆಯುತ್ತಿರುವುದು ಅದರ ಒಂದೇ ಒಂದು ಆಯ್ಕೆಯ ಬಗ್ಗೆ: ಯಾವ ಬದಲಾವಣೆಗಳು ದಾಖಲಾಗಬೇಕೆಂದು ಆರಿಸಿಕೊಡುವ ಗಿಟ್ ಆ್ಯಡ್ ಕಮಾಂಡಿಗೆ ಸೇರಿಸುವ ‘-ಪಿ’. ಮಲ್ಪೆಯ ಐಸ್ ಪ್ಲಾಂಟ್ ಒಂದಕ್ಕೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟು, ಎಂಟು ವರ್ಷಗಳಿಂದ ಉಡುಪಿಯ ಮನೆಯಲ್ಲೇ ಕುಳಿತು ಅದನ್ನು ನೋಡಿಕೊಳ್ಳುತ್ತಿದ್ದೇನೆ. ಈ ಆಯ್ಕೆಯಿಲ್ಲದೆ ಕಮಿಟ್ ಮಾಡಿದ, ಎಂದರೆ ಆರಿಸಿದ ಬದಲಾವಣೆಗಳನ್ನು ಇತಿಹಾಸಕ್ಕೆ ಸೇರಿಸಿದ ದಿನಗಳು ಬೆರಳೆಣಿಕೆಯಷ್ಟು.

ಸಂಜೆ ಆರರ ಹೊತ್ತಿಗೆ ಚಹಾದ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಕಮಾಂಡ್ ಕೊಟ್ಟರೆ, ಆ ದಿನ ಮಾಡಿದ ಬದಲಾವಣೆಗಳನ್ನೆಲ್ಲ ಗಿಟ್ ತುಂಡು ತುಂಡಾಗಿ ಮುಂದಿಡುತ್ತದೆ. ತೆಗೆದ ಸಾಲು ಕೆಂಪು, ಸೇರಿಸಿದ ಸಾಲು ಹಸಿರು. ಬೇಕಾದ ತುಂಡಿಗೆ ‘ವೈ’, ಬೇಡದ್ದಕ್ಕೆ ‘ಎನ್’ ಒತ್ತುತ್ತೇನೆ. ಎರಡು ವಿಷಯ ಒಂದೇ ತುಂಡಿನಲ್ಲಿ ಸೇರಿಕೊಂಡಿದ್ದರೆ ‘ಎಸ್’ ಒತ್ತಿ ಸೀಳುತ್ತೇನೆ. ಬೆಳಗ್ಗೆ ಅವಸರದಲ್ಲಿ ಬರೆದದ್ದನ್ನು ಸಂಜೆ ಬೇರೆಯವರ ಬರಹದಂತೆ ಓದುವ ಈ ಅರ್ಧ ಗಂಟೆ ನನಗೆ ದಿನದಲ್ಲೇ ಅತ್ಯಂತ ಇಷ್ಟವಾದದ್ದು. ಮಳೆಗಾಲದಲ್ಲಿ ಕರೆಂಟು, ಅದರ ಬೆನ್ನಿಗೇ ಇಂಟರ್ನೆಟ್ ಹೋದರೂ ಬ್ಯಾಟರಿ ಇರುವವರೆಗೆ ಈ ಓದು ನಿಲ್ಲುವುದಿಲ್ಲ, ಏಕೆಂದರೆ ಇತಿಹಾಸವೆಲ್ಲ ನಮ್ಮ ಡಿಸ್ಕಿನಲ್ಲೇ ಇರುತ್ತದೆ. ಮೊದಲು ಪರ್ಲ್ ಭಾಷೆಯಲ್ಲಿದ್ದ ‘-ಪಿ’ಯ ಕೋಡನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದು, 2022ರಲ್ಲಿ ಬಂದ ಗಿಟ್‌ನ 2.37ನೇ ಆವೃತ್ತಿಯಿಂದ ಅದನ್ನೇ ರೂಢಿಗೆ ತಂದಿದ್ದಾರೆ.

ಕಳೆದ ವರ್ಷದಿಂದ ಕೋಡ್ ಬರೆಯುವ ಎಐ ಸಹಾಯಕವೊಂದಕ್ಕೆ ತಿಂಗಳ ಚಂದಾ ಕಟ್ಟುತ್ತಿದ್ದೇನೆ. ‘-ಪಿ’ಯ ನಿಜವಾದ ಬೆಲೆ ತಿಳಿದದ್ದು ಆಮೇಲೆಯೇ. ಒಮ್ಮೆ ಬಿಲ್ಲಿನಲ್ಲಿ ದಿನಾಂಕ ಅಚ್ಚಾಗುವ ರೀತಿಯನ್ನು ಬದಲಿಸಲು ಅದಕ್ಕೆ ಹೇಳಿದ್ದೆ. ಮೊದಲ ಮೂರು ತುಂಡುಗಳಲ್ಲಿ ಕೇಳಿದ್ದಷ್ಟೇ ಇತ್ತು. ನಾಲ್ಕನೆಯದರಲ್ಲಿ, ಮೊತ್ತವನ್ನು ಹತ್ತಿರದ ರೂಪಾಯಿಗೆ ಹೊಂದಿಸುವ ‘ರೌಂಡ್’ ಕೆಂಪಾಗಿತ್ತು, ಪೈಸೆಯನ್ನು ಬಿಟ್ಟೇಬಿಡುವ ‘ಫ್ಲೋರ್’ ಅದರ ಕೆಳಗೆ ಹಸಿರಾಗಿ ನಿಂತಿತ್ತು. ‘ಎನ್’ ಒತ್ತಿ, ಆ ಸಾಲನ್ನು ರಿಸ್ಟೋರ್ ಕಮಾಂಡಿನಿಂದ ಮೊದಲಿನಂತೆ ಮಾಡಿದೆ. ಅದಕ್ಕೂ ಇದೇ ‘-ಪಿ’ ಇದೆ. ಒಟ್ಟಿಗೇ ಸೇರಿಸಿಬಿಟ್ಟಿದ್ದರೆ ಬಿಲ್ಲು ಬಿಲ್ಲಿಗೂ ಪ್ಲಾಂಟಿನವರು ಪೈಸೆ ಕಳೆದುಕೊಳ್ಳುತ್ತಿದ್ದರು, ನನಗೆ ಗೊತ್ತೇ ಆಗುತ್ತಿರಲಿಲ್ಲ.

ಇಷ್ಟು ನಂಬಿದ್ದರಿಂದಲೇ ಕಳೆದ ಜುಲೈನಲ್ಲಿ ಆದದ್ದು ನನ್ನನ್ನು ಬಹಳ ನೋಯಿಸಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೊಡ್ಡ ಬದಲಾವಣೆಗಳನ್ನು ನಾನು ಆ ಎರಡು ತಿಂಗಳಲ್ಲಿ ಮುಗಿಸುತ್ತೇನೆ. ನಿಷೇಧ ಮುಗಿಯುವ ಮುನ್ನ ಬೋಟಿನವರು ಐಸ್ ತುಂಬಿಸಲು ಬಂದ ಬೆಳಗ್ಗೆಯೇ ಪ್ಲಾಂಟಿನಿಂದ ಫೋನ್ ಬಂತು: “ಮಾರಾಯ್ರೆ, ಪ್ರೋಗ್ರಾಮ್ ಓಪನ್ನೇ ಆಗ್ತಾ ಇಲ್ಲ. ಬಿಲ್ಲು ಕೈಯಲ್ಲೇ ಬರೀತಾ ಇದ್ದೇವೆ.” ಸಹಾಯಕವು ಸೃಷ್ಟಿಸಿದ್ದ ಹೊಸ ಫೈಲೊಂದು ಕಮಿಟ್‌ಗೆ ಸೇರಿಯೇ ಇರಲಿಲ್ಲ. ಗಿಟ್‌ಗೆ ಇನ್ನೂ ಪರಿಚಯವಿಲ್ಲದ ಫೈಲುಗಳನ್ನು ‘-ಪಿ’ ತೋರಿಸುವುದೇ ಇಲ್ಲ. ಸ್ಟೇಟಸ್ ಕಮಾಂಡ್ ಕೊಟ್ಟರೆ ಅವುಗಳ ಹೆಸರು ಕಾಣುತ್ತದೆ, ನಿಜ. ಆದರೆ ತುಂಡುಗಳೆಲ್ಲ ಮುಗಿದಾಗ “ಇನ್ನೂ ಸೇರದ ಫೈಲುಗಳಿವೆ” ಎಂದು ಒಂದು ಸಾಲು ತಾನಾಗಿ ಬಂದಿದ್ದರೆ ಆ ಬೆಳಗ್ಗೆ ಅಷ್ಟು ಜನ ಕಾಯಬೇಕಾಗಿರಲಿಲ್ಲ. ನನಗೆ ತಿಳಿದಂತೆ ಈ ಆಯ್ಕೆಯ ದೊಡ್ಡ ಕೊರತೆ ಇದೊಂದೇ.

ಇದಕ್ಕೆ ಪರಿಹಾರವೂ ಗಿಟ್‌ನಲ್ಲೇ ಇದೆ. ಆ್ಯಡ್ ಕಮಾಂಡನ್ನು ‘ಇಂಟೆಂಟ್-ಟು-ಆ್ಯಡ್’ ಎಂಬ ಆಯ್ಕೆಯೊಂದಿಗೆ ಮೊದಲು ಕೊಟ್ಟರೆ ಹೊಸ ಫೈಲಿನ ಹೆಸರಷ್ಟೇ ದಾಖಲಾಗಿ, ಅದರೊಳಗಿನ ಸಾಲುಗಳೂ ‘-ಪಿ’ಯಲ್ಲಿ ಹಸಿರಾಗಿ ಬರುತ್ತವೆ. ಎರಡನ್ನೂ ಕೂಡಿಸಿ ಒಂದೇ ಚುಟುಕು ಹೆಸರಿನ ಕಮಾಂಡಾಗಿ, ಎಂದರೆ ಅಲಿಯಾಸ್ ಆಗಿ, ಮಾಡಿಕೊಂಡಿದ್ದೇನೆ. ಸಂಜೆ ಈಗ ಅದನ್ನೇ ಬಳಸುತ್ತೇನೆ. ನಿಷೇಧದ ತಿಂಗಳುಗಳಲ್ಲಿ ನನ್ನ ಆದಾಯವೂ ಇಳಿಯುವುದರಿಂದ ಮುಂದಿನ ಜೂನ್‌ನಲ್ಲಿ ಸಹಾಯಕದ ಚಂದಾವನ್ನು ಎರಡು ತಿಂಗಳ ಮಟ್ಟಿಗೆ ನಿಲ್ಲಿಸಲಿದ್ದೇನೆ.