ಸಿರುಗುಪ್ಪ ರಸ್ತೆಯ ಕಮಾನು ಅಂಗಡಿಯಲ್ಲಿ ನಮ್ಮ ಹಳೆಯ ಜೀಪಿಗೆ ಆದ ಕೆಲಸ

ಸಂಡೂರು ತಾಲ್ಲೂಕಿನ ನಮ್ಮೂರಿನಿಂದ ತಾಯಿಯವರನ್ನು ತಿಂಗಳಿಗೊಮ್ಮೆ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಮನೆಯಲ್ಲಿರುವುದು ಹಳೆಯ ಮಹೀಂದ್ರಾ ಎಂಎಂ 540 ಜೀಪು. ನಾಲ್ಕೂ ಚಕ್ರಗಳಿಗೆ ಕಮಾನು ಪಟ್ಟಿಗಳೇ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳ ಸ್ಪ್ರಿಂಗುಗಳೇ, ಆಧಾರ. ಅದಿರು ಲಾರಿಗಳು ಓಡಾಡಿ ಗುಂಡಿಬಿದ್ದ ರಸ್ತೆಯನ್ನು ದಾಟಿ ತೋರಣಗಲ್ಲು ಮುಟ್ಟುವಷ್ಟರಲ್ಲಿ ಅವರ ಸೊಂಟ ಹಿಡಿದುಕೊಳ್ಳುತ್ತಿತ್ತು. ಕಳೆದ ಬೇಸಿಗೆಯಲ್ಲಿ ಅವರು ಇನ್ನು ಈ ಗಾಡಿ ಹತ್ತುವುದಿಲ್ಲವೆಂದು ಹೇಳಿದ ಮೇಲೆ ನಾನು ಇದನ್ನು ಸರಿಪಡಿಸಲೇಬೇಕೆಂದು ಹೊರಟೆ.

ಮೊದಲು ಬೇರೊಂದು ಗ್ಯಾರೇಜಿನವರ ಮಾತು ಕೇಳಿ 7,200 ರೂಪಾಯಿ ಕೊಟ್ಟು ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಿದ್ದೆ. ಕುಲುಕಾಟ ಸ್ವಲ್ಪವೂ ಕಡಿಮೆಯಾಗಲಿಲ್ಲ. ಕಮಾನು ಒಮ್ಮೆ ಬಾಗಿದ ಮೇಲೆ ಅದರ ತೂಗಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಕಮಾನೇ ಬಾಗದಿದ್ದರೆ ಅದಕ್ಕೆ ಅಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಇದನ್ನು ನನಗೆ ಬಿಡಿಸಿ ಹೇಳಿದವರು ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಲಾರಿ ಮತ್ತು ಟ್ರ್ಯಾಕ್ಟರ್ ಟ್ರೇಲರ್‌ಗಳ ಕಮಾನು ಕೆಲಸವನ್ನೇ ಮಾಡುವ ಒಬ್ಬ ಹಿರಿಯ ಮೇಸ್ತ್ರಿಗಳು. ಅವರ ಅಂಗಡಿಗೆ ಫಲಕವಿಲ್ಲ. ಬೇವಿನ ಮರದ ಕೆಳಗೆ ಒರಗಿಸಿಟ್ಟ ಪ್ಲೇಟುಗಳ ರಾಶಿಯೇ ಗುರುತು.

ಅವರು ಜೀಪನ್ನು ಜಾಕಿಗೆ ಏರಿಸುವ ಮೊದಲು ಕೇಳಿದ ಪ್ರಶ್ನೆ, ‘ಇದರಾಗ ಏನ್ ಹೇರತೀರಿ ಸರ್?’ ಎಂಬುದು. ಜನರನ್ನಷ್ಟೇ ಎಂದಾಗ, ಹತ್ತಿರದ ವೇಬ್ರಿಡ್ಜಿಗೆ ಹೋಗಿ ಮುಂದಿನ ಚಕ್ರಗಳ ಮೇಲೆ ಎಷ್ಟು, ಹಿಂದಿನ ಚಕ್ರಗಳ ಮೇಲೆ ಎಷ್ಟು ಎಂದು ಬೇರೆ ಬೇರೆಯಾಗಿ ತೂಗಿಸಿಕೊಂಡು ಬರಲು ಕಳುಹಿಸಿದರು. ಮುಂದೆ 690, ಹಿಂದೆ 610 ಕಿಲೋ ಬಂತು. ಹಿಂದಿನ ಕಮಾನುಗಳನ್ನು ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು: ನಮಗೆ ಜೀಪು ಮಾರಿದವರು ಮೆಣಸಿನಕಾಯಿ ಚೀಲ ಹೇರುವುದಕ್ಕಾಗಿ ಎರಡೂ ಕಡೆ ಎರಡೆರಡು ಹೆಚ್ಚಿನ ಪ್ಲೇಟು ಸೇರಿಸಿದ್ದರು. ಉಳಿದವು 6 ಮಿಲಿಮೀಟರ್ ದಪ್ಪವಿದ್ದರೆ ಇವು 8 ಮಿಲಿಮೀಟರ್. ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಉದ್ದ ಮತ್ತು ಅಗಲ ಒಂದೇ ಆಗಿದ್ದರೆ, 8 ಮಿಲಿಮೀಟರಿನ ಒಂದು ಪ್ಲೇಟು 6 ಮಿಲಿಮೀಟರಿನದಕ್ಕಿಂತ ಸುಮಾರು 2.4 ಪಟ್ಟು ಬಿಗಿಯಾಗಿರುತ್ತದೆ. ಆ ಹೆಚ್ಚಿನ ನಾಲ್ಕು ಪ್ಲೇಟುಗಳನ್ನು ಮೇಸ್ತ್ರಿಗಳು ತೆಗೆದುಹಾಕಿದರು. ಅಷ್ಟು ಬಿಗಿಯಾದ ಕಮಾನಿನ ಮೇಲೆ ತಾಯಿಯವರನ್ನು ವರ್ಷಗಟ್ಟಲೆ ಕೂರಿಸಿಕೊಂಡು ತಿರುಗಿದೆನಲ್ಲ ಎಂಬ ಸಂಕಟ ನನಗೆ ಈಗಲೂ ಹೋಗಿಲ್ಲ.

ಎರಡನೆಯ ದೋಷ ಕಮಾನಿನ ಒಂದು ತುದಿಯನ್ನು ಗಾಡಿಯ ಚಾಸಿಗೆ ತೂಗುಹಾಕುವ ಕೊಂಡಿಗಳಾದ ಶ್ಯಾಕಲ್‌ಗಳಲ್ಲಿತ್ತು. ಚಕ್ರ ಮೇಲೇಳುವಾಗ ಕಮಾನು ಚಪ್ಪಟೆಯಾಗಿ ಅದರ ಎರಡು ತುದಿಗಳಲ್ಲಿರುವ ಕಣ್ಣುಗಳ (ಪಿನ್ನು ಕೂರುವ ಸುರುಳಿಗಳ) ನಡುವಿನ ಅಂತರ ಹೆಚ್ಚುತ್ತದೆ. ಆ ಹೆಚ್ಚಳಕ್ಕೆ ಜಾಗ ಕೊಡಲು ಶ್ಯಾಕಲ್ ತೂಗಬೇಕು. ನಮ್ಮ ಜೀಪಿನಲ್ಲಿ ಪಿನ್ನುಗಳು ತುಕ್ಕು ಹಿಡಿದು ಅಲುಗಾಡದಂತಾಗಿದ್ದವು. ಪಿನ್ನಿನ ಸುತ್ತ ಕೂರುವ ಬುಷ್‌ಗಳನ್ನೂ ಪಿನ್ನುಗಳನ್ನೂ ಹೊಸದಾಗಿ ಹಾಕಿದರು. ರಬ್ಬರ್ ಬುಷ್‌ನ ನಟ್ಟುಗಳನ್ನು ಜೀಪು ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿದರು. ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕಮಾನು ಸ್ವಲ್ಪ ಕೂತು ತನ್ನ ಬಾಗು ಕಳೆದುಕೊಂಡಿದ್ದರಿಂದ, ಪ್ಲೇಟುಗಳನ್ನು ಕುಲುಮೆಯಲ್ಲಿ ಕಾಯಿಸಿ ಬಾಗಿಸಬಹುದೇ ಎಂದು ನಾನೇ ಕೇಳಿದೆ. ಮೇಸ್ತ್ರಿಗಳು ಒಪ್ಪಲಿಲ್ಲ. ಕಾಯಿಸಿದ ಉಕ್ಕಿಗೆ ಮತ್ತೆ ಸರಿಯಾಗಿ ಹದ ಕೊಡದಿದ್ದರೆ ಅದು ಕೆಲವೇ ತಿಂಗಳಲ್ಲಿ ಕೂತುಬಿಡುತ್ತದೆ, ಇಲ್ಲವೇ ಮುರಿಯುತ್ತದೆ. ತಣ್ಣಗಿದ್ದಂತೆಯೇ ಸುತ್ತಿಗೆಯಿಂದ ಹಂತಹಂತವಾಗಿ ಹೊಡೆದು ಬಾಗು ಕೊಟ್ಟರು. ಪ್ಲೇಟಿನ ತುದಿಗಳು ಮೇಲಿನ ಪ್ಲೇಟನ್ನು ಕೊರೆದು ಗೀರು ಮಾಡಿದ್ದವು. ಆ ತುದಿಗಳನ್ನು ಉಜ್ಜಿ ದುಂಡಗೆ ಮಾಡಿ, ನಡುವೆ ನೈಲಾನ್ ತುಂಡುಗಳನ್ನು ಇಟ್ಟರು.

ಗ್ರೀಸಿನ ವಿಷಯದಲ್ಲಿ ಅವರ ತೀರ್ಮಾನ ನನಗೆ ಬಹಳ ಹಿಡಿಸಿತು. ಪ್ಲೇಟುಗಳ ನಡುವೆ ಧಾರಾಳವಾಗಿ ಗ್ರೀಸು ಬಳಿಯುವುದು ಸಾಮಾನ್ಯ ರೂಢಿ. ಆದರೆ ಸಂಡೂರಿನ ಕೆಂಪು ಧೂಳು ಕಬ್ಬಿಣದ ಅದಿರಿನದು. ಅದು ಗ್ರೀಸಿನೊಂದಿಗೆ ಬೆರೆತರೆ ಉಕ್ಕನ್ನು ಸವೆಸುವ ಲೇಪವಾಗುತ್ತದೆ. ಆದ್ದರಿಂದ ತುಕ್ಕನ್ನು ಉಜ್ಜಿ ತೆಗೆದು, ಒಣ ಗ್ರಾಫೈಟ್ ಪುಡಿ ಸವರಿ ಜೋಡಿಸಿದರು. ಕಮಾನನ್ನು ಚಕ್ರದ ಅಚ್ಚಿಗೆ ಬಿಗಿಯುವ ಯು ಬೋಲ್ಟುಗಳನ್ನು ಮಾತ್ರ ಹಳೆಯದನ್ನೇ ಬಳಸುವುದಿಲ್ಲವೆಂದು ಎಂಟನ್ನೂ ಹೊಸದು ತರಿಸಿದರು.

ಕೂಲಿ ಮತ್ತು ಸಾಮಾನು ಸೇರಿ 9,800 ರೂಪಾಯಿ ಆಯಿತು. ಎರಡು ದಿನವೆಂದು ಹೇಳಿದ ಕೆಲಸಕ್ಕೆ ಐದು ದಿನ ಹಿಡಿಯಿತು, ಲಾರಿಗಳು ಬಂದಾಗಲೆಲ್ಲ ನಮ್ಮ ಜೀಪು ಬದಿಗೆ ಸರಿಯುತ್ತಿತ್ತು. ಊರಿನಿಂದ ದಿನವೂ ಬಸ್ಸಿನಲ್ಲಿ ಬಂದು ವಿಚಾರಿಸಿದ ನನಗೆ ಇದು ಸಣ್ಣ ತೊಂದರೆಯಾಗಿರಲಿಲ್ಲ. ಬಿಡಿ ಭಾಗಗಳಿಗೆ ಬಿಲ್ ಸಿಕ್ಕಿತು, ಕೂಲಿಗೆ ಸಿಗಲಿಲ್ಲ.

ಈಗ ಜೀಪು ಹಿಂದೆ ಒಂದೂವರೆ ಇಂಚಿನಷ್ಟು ತಗ್ಗಿದೆ. ಟೈರಿನಲ್ಲಿ 40 ಪಿಎಸ್‌ಐ ಇದ್ದ ಗಾಳಿಯನ್ನು ಅವರ ಸಲಹೆಯಂತೆ 28ಕ್ಕೆ ಇಳಿಸಿದ್ದೇನೆ. ಗುಂಡಿಯಲ್ಲಿ ಚಕ್ರ ಇಳಿದಾಗ ಮೊದಲು ಇಡೀ ಗಾಡಿಯೇ ನೆಗೆಯುತ್ತಿತ್ತು. ಈಗ ಚಕ್ರ ಇಳಿದು ಏರುವುದು ತಿಳಿಯುತ್ತದೆ, ಸೀಟಿಗೆ ಅದರ ಅರ್ಧದಷ್ಟೂ ಏಟು ತಟ್ಟುವುದಿಲ್ಲ. ತಿರುವುಗಳಲ್ಲಿ ಮೊದಲಿಗಿಂತ ಹೆಚ್ಚು ವಾಲುತ್ತದೆಯಾದ್ದರಿಂದ ಘಾಟಿನಲ್ಲಿ ನಿಧಾನವಾಗಿ ಓಡಿಸುತ್ತೇನೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಲು ಹೋದಾಗ ಅವರು ಹಣ ತೆಗೆದುಕೊಳ್ಳಲಿಲ್ಲ.

ತೆಗೆದ ನಾಲ್ಕು ಪ್ಲೇಟುಗಳನ್ನು ಎಡ, ಬಲ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ ಕೈಗೆ ಕೊಟ್ಟಿದ್ದಾರೆ. ಅವು ಈಗ ನಮ್ಮ ಕೊಟ್ಟಿಗೆಯಲ್ಲಿವೆ. ಹೋದ ತಿಂಗಳು ತಾಯಿಯವರು ಬಳ್ಳಾರಿಯವರೆಗೂ ಎಲ್ಲಿಯೂ ಗಾಡಿ ನಿಲ್ಲಿಸಲು ಹೇಳದೆ ಬಂದರು.