ಇಪಿ1536ವೈ ಆ್ಯಂಟಿಬಾಡಿ: ದುಡ್ಡಿಗೆ ಮೋಸವಿಲ್ಲ, ಆದರೆ ಮೆಂಬ್ರೇನ್ ಕಡೆ ಗಮನವಿರಲಿ

ಆಲ್ಫಾ-ಸಿನ್ಯೂಕ್ಲೀನ್ ಎಂಬ ನರಕೋಶದ ಪ್ರೋಟೀನ್‌ನ 129ನೇ ಅಮೈನೋ ಆಮ್ಲವಾದ ಸೆರೀನ್‌ಗೆ ಫಾಸ್ಫೇಟ್ ಅಂಟಿದ್ದರೆ ಮಾತ್ರ ಹಿಡಿಯುವ, ಮೊಲದ ಮೊನೊಕ್ಲೋನಲ್ (ಎಲ್ಲವೂ ಒಂದೇ ಬಗೆಯ) ಆ್ಯಂಟಿಬಾಡಿ ಇದು. ಆಬ್‌ಕ್ಯಾಮ್ ಕಂಪನಿ ಮಾರುತ್ತದೆ. ಲೂಯಿ ಬಾಡಿಗಳಲ್ಲಿನ (ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಕಾಣುವ ಪ್ರೋಟೀನ್ ಗಂಟುಗಳು) ಸಿನ್ಯೂಕ್ಲೀನ್‌ನ ಸುಮಾರು 90 ಪ್ರತಿಶತಕ್ಕೆ ಈ ಗುರುತಿರುತ್ತದೆ, ಆರೋಗ್ಯವಂತ ಮಿದುಳಿನಲ್ಲಿ ತೀರಾ ಕಡಿಮೆ. ಪಾರ್ಕಿನ್ಸನ್ ಲ್ಯಾಬ್‌ಗಳು ಇದನ್ನು ನೆಚ್ಚಿಕೊಂಡಿರುವುದು ಅದಕ್ಕೇ.

ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ (ಆ್ಯಂಟಿಬಾಡಿ ಹಿಡಿದ ಜಾಗವನ್ನು ಹೊಳೆಯುವ ಬಣ್ಣದಿಂದ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಇದರ ಕೆಲಸ ಬಹಳ ಚೊಕ್ಕ. ಇಲಿಯ ನರಕೋಶಗಳಿಗೆ ಫೈಬ್ರಿಲ್ (ಸಿನ್ಯೂಕ್ಲೀನ್ ಒಟ್ಟುಗೂಡಿದ ಎಳೆಗಳು, ಗಂಟಿಗೆ ಬೀಜ) ಹಾಕಿ ಎರಡು ವಾರ ಬಿಟ್ಟು, 4% ಪ್ಯಾರಾಫಾರ್ಮಾಲ್ಡಿಹೈಡ್ ಜೊತೆಗೇ 1% ಟ್ರೈಟಾನ್ ಎಂಬ ಡಿಟರ್ಜೆಂಟ್ ಸೇರಿಸಿ ಫಿಕ್ಸ್ ಮಾಡಿ. ಕರಗುವ ಪ್ರೋಟೀನ್ ತೊಳೆದುಹೋಗಿ ಗಂಟುಗಳಷ್ಟೇ ಉಳಿಯುತ್ತವೆ. ಬ್ಯಾಕ್ಟೀರಿಯಾದಲ್ಲಿ ತಯಾರಾದ ಫೈಬ್ರಿಲ್‌ಗೆ ಫಾಸ್ಫೇಟ್ ಇರುವುದಿಲ್ಲ. ಹಾಗಾಗಿ ಹೊಳೆಯುವುದು ನೀವು ಹಾಕಿದ ಬೀಜವಲ್ಲ, ಕೋಶದ ಸ್ವಂತ ಸಿನ್ಯೂಕ್ಲೀನ್. ಅದೇ ಕಾರಣಕ್ಕೆ ಬ್ಯಾಕ್ಟೀರಿಯಾದಲ್ಲಿ ತಯಾರಾದ ಮೊನೊಮರ್ (ಒಂಟಿ ಸಿನ್ಯೂಕ್ಲೀನ್) ಅನ್ನು ಪಾಸಿಟಿವ್ ಕಂಟ್ರೋಲ್ ಎಂದು ಜೆಲ್‌ಗೆ ಹಾಕಬೇಡಿ, ಬ್ಯಾಂಡ್ ಬರುವುದಿಲ್ಲ.

ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ವರ್ಗಾಯಿಸಿ, ಆ್ಯಂಟಿಬಾಡಿಯಿಂದ ಗುರುತಿಸುವ ವಿಧಾನ) ಏನೂ ಕಾಣಲಿಲ್ಲವೆಂದು ಆ್ಯಂಟಿಬಾಡಿಯನ್ನು ಬೈಯುವವರೇ ಹೆಚ್ಚು. ತಪ್ಪು ಬಹುಪಾಲು ಬೇರೆಡೆ ಇರುತ್ತದೆ. 140 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನ್ ಮೆಂಬ್ರೇನ್‌ಗೆ ಸರಿಯಾಗಿ ಅಂಟದೆ, ತೊಳೆಯುವಾಗ ಕಳಚಿಕೊಂಡುಬಿಡುತ್ತದೆ. 0.2 ಮೈಕ್ರಾನ್ ರಂಧ್ರದ ಪಿವಿಡಿಎಫ್ ಮೆಂಬ್ರೇನ್ ಬಳಸಿ. ಟ್ರಾನ್ಸ್‌ಫರ್ ಮುಗಿದ ಕೂಡಲೇ 0.4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 30 ನಿಮಿಷ ಇಡಿ. ಇದೊಂದು ಹೆಜ್ಜೆಯಿಂದ ಖಾಲಿ ಬ್ಲಾಟ್‌ನಲ್ಲೂ 15 ಕಿಲೋಡಾಲ್ಟನ್ ಆಸುಪಾಸಿನ ಬ್ಯಾಂಡ್ ಎದ್ದು ಬಂದೀತು. ಬ್ಲಾಕಿಂಗ್‌ಗೆ (ಮೆಂಬ್ರೇನ್‌ನ ಖಾಲಿ ಜಾಗ ಮುಚ್ಚಲು) ಹಾಲಿನ ಪುಡಿ ಬೇಡ, ಅದರ ಕೇಸೀನ್ ಕೂಡ ಫಾಸ್ಫೋಪ್ರೋಟೀನ್. ಟಿಬಿಎಸ್-ಟ್ವೀನ್ ಬಫರ್‌ನಲ್ಲಿ 5% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಸಾಕು. ಆ್ಯಂಟಿಬಾಡಿಯನ್ನು 1:1000 ತೆಳುಮಾಡಿ ಶುರುಮಾಡಿ.

ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವಗಳನ್ನು ತಡೆಯಲು, ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಸೋಡಿಯಂ ಫ್ಲೋರೈಡ್, ಬೀಟಾ-ಗ್ಲಿಸರೋಫಾಸ್ಫೇಟ್ ಎರಡೂ ಇರಲಿ. ಆರ್ಥೋವನಡೇಟ್ ಒಂದನ್ನೇ ಹಾಕಿದರೆ ಉಪಯೋಗವಿಲ್ಲ, ಅದು ತಡೆಯುವುದು ಮುಖ್ಯವಾಗಿ ಟೈರೋಸಿನ್ ಫಾಸ್ಫಟೇಸ್‌ಗಳನ್ನು.

81ಎ ಎಂಬ ಹಳೆಯ ಇಲಿ ಕ್ಲೋನ್ ಫಾಸ್ಫೇಟ್ ಅಂಟಿದ ನ್ಯೂರೋಫಿಲಮೆಂಟನ್ನೂ (ನರಕೋಶದೊಳಗಿನ ಎಳೆಯಂಥ ಪ್ರೋಟೀನ್) ಹಿಡಿಯುತ್ತದೆ, ಆಕ್ಸಾನ್‌ಗಳಲ್ಲಿ (ನರಕೋಶದ ಉದ್ದನೆಯ ಎಳೆಗಳಲ್ಲಿ) ಸುಳ್ಳು ಸಿಗ್ನಲ್ ಕೊಡುತ್ತದೆ. ಅದಕ್ಕಿಂತ ಇದು ಎಷ್ಟೋ ಮೇಲು. ಹಾಗೆಂದು ಕಣ್ಣುಮುಚ್ಚಿ ನಂಬುವಂತಿಲ್ಲ: ಸಿನ್ಯೂಕ್ಲೀನ್ ಜೀನ್ ತೆಗೆದ ನಾಕೌಟ್ ಅಂಗಾಂಶ, ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿ ಫಾಸ್ಫೇಟ್ ಕಿತ್ತ ಮಾದರಿ, ಇವೆರಡೂ ಪಕ್ಕದಲ್ಲಿರಲೇಬೇಕು. 119 ಅಥವಾ 122ನೇ ಸ್ಥಾನದಲ್ಲಿ ತುಂಡಾದ ಸಿನ್ಯೂಕ್ಲೀನ್‌ನಲ್ಲಿ 129ನೇ ಸೆರೀನೇ ಇರುವುದಿಲ್ಲವಾದ್ದರಿಂದ ಅದು ಇದಕ್ಕೆ ಕಾಣುವುದೇ ಇಲ್ಲ. ಗಂಟುಗಳ ಒಟ್ಟು ಲೆಕ್ಕ ಬೇಕಿದ್ದರೆ ಒಟ್ಟು ಸಿನ್ಯೂಕ್ಲೀನ್ ಗುರುತಿಸುವ ಇಲಿ ಆ್ಯಂಟಿಬಾಡಿಯೊಂದನ್ನು ಜೊತೆಗೆ ಕೊಳ್ಳಿ.