ಹಳೆ ಟೇಬಲ್‌ಗೆ ಹೊಸ ಮೈ: ಗಾಜಿನ ಮೊಸಾಯಿಕ್ಕೋ, ಟೈಲ್ಸ್ ಚೂರೋ?

ಮಲೆನಾಡಿನ ಮಳೆಯಲ್ಲಿ ಹೊರಗೆ ಬಿಟ್ಟ ಹಲಗೆ ಲಡ್ಡಾಗದೆ ಇರುತ್ತಾ? ನಮ್ಮ ಅಂಗಳದ ಎರಡೂ ಟೇಬಲ್‌ಗಳಿಗೆ ಅದೇ ಗತಿಯಾಗಿತ್ತು. ಕಬ್ಬಿಣದ ಕಾಲುಗಳು ಮಾತ್ರ ಗಟ್ಟಿ ಇದ್ದವು. ಒಂದಕ್ಕೆ ಗಾಜಿನ ಮೊಸಾಯಿಕ್, ಇನ್ನೊಂದಕ್ಕೆ ಒಡೆದ ಟೈಲ್ಸ್ ಚೂರು ಕೂರಿಸಿ, ಮಳೆಗಾಲ ಪೂರ್ತಿ ಹೊರಗೇ ಬಿಟ್ಟೆ. ಬಯಲಿನಲ್ಲಿರುವ ಟೇಬಲ್‌ಗಾದರೆ ನನ್ನ ಓಟು ಚೂರುಗಳಿಗೆ.

ತಳ ಎರಡಕ್ಕೂ ಒಂದೇ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಮೇಲೆ ಸಿಮೆಂಟ್ ಬೋರ್ಡ್ ಬಿಗಿದೆ. ಪ್ಲೈವುಡ್ ಬೇಡ. ಅದು ನೀರು ಕುಡಿದು ಉಬ್ಬಿದರೆ ಮೇಲಿನ ಸಂದುಗಳೆಲ್ಲ ಬಿರುಕು ಬಿಡುತ್ತವೆ.

ಗಾಜಿನದು ಬೇಗ ಮುಗಿಯುವ ಕೆಲಸ. 20 ಮಿ.ಮೀ. ಚೌಕಗಳು ಜಾಲರಿಗೆ ಅಂಟಿಕೊಂಡೇ ಬರುತ್ತವೆ, ಹಾಳೆಯ ಹಾಗೆ ಹಾಸಿದರಾಯಿತು. ಮೇಲ್ಮೈ ಸಮ, ಕಾಫಿ ಲೋಟ ಅಲುಗಾಡದೆ ನಿಲ್ಲುತ್ತದೆ. 4 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ ಸುಮಾರು 10 ಕೆ.ಜಿ. ತೂಗಿದರೆ, ನೆಲಕ್ಕೆ ಹಾಕುವ ಗಟ್ಟಿ ವಿಟ್ರಿಫೈಡ್ ಟೈಲ್ಸ್ ಸುಮಾರು ಅದರ ಎರಡರಷ್ಟು. ಸಪೂರ ಕಾಲಿನ ಟೇಬಲ್ ಇದ್ದವರು ಇದನ್ನು ಮರೆಯಬಾರದು. ಅಂಟು ಮಾತ್ರ ಬಿಳಿಯದೇ ಬೇಕು, ಬೂದು ಬಣ್ಣದ್ದಾದರೆ ಗಾಜಿನೊಳಗಿಂದ ಮಂಕಾಗಿ ಕಾಣುತ್ತದೆ. ಕರಣೆಯ ಹಲ್ಲಿನ ಗೀರುಗಳೂ ಕಾಣುತ್ತವೆ, ಚಪ್ಪಟೆ ಮಾಡಿಯೇ ಹಾಸಬೇಕು.

ಆದರೆ ಅಷ್ಟು ಚಿಕ್ಕ ಚೌಕಗಳೆಂದರೆ ಲೆಕ್ಕವಿಲ್ಲದಷ್ಟು ಸಂದು. ಎರಡಕ್ಕೂ ಸಿಮೆಂಟ್ ಗ್ರೌಟನ್ನೇ, ಅಂದರೆ ಸಂದು ಮುಚ್ಚುವ ಗಾರೆಯನ್ನೇ, ತುಂಬಿದ್ದೆ. ಆಗಸ್ಟ್ ಬರುವಷ್ಟರಲ್ಲಿ ಗಾಜಿನ ಟೇಬಲ್ ತುಂಬ ಹಸಿರು ಗೀಟು, ಪಾಚಿ! ಹಳೆ ಹಲ್ಲುಜ್ಜುವ ಬ್ರಷ್ ಹಿಡಿದು ಸಂದು ಸಂದು ಉಜ್ಜಬೇಕಾಯಿತು. ಚೂರಿನ ಟೇಬಲ್ಲಿನಲ್ಲಿ ತುಂಡುಗಳು ದೊಡ್ಡವು, ಸಂದು ಕಡಿಮೆ, ಪಾಚಿಯೂ ಕಡಿಮೆ. ಏಪ್ರಿಲ್ ಬಿಸಿಲಿಗೆ ಗಾಢ ನೀಲಿ ಗಾಜು ಮುಟ್ಟಲಾರದಷ್ಟು ಕಾದಿತ್ತು, ಅದನ್ನೂ ಹೇಳಲೇಬೇಕು.

ಚೂರುಗಳಿಗೆ ಖರ್ಚು ಏನೂ ಇಲ್ಲವೆಂದರೂ ನಡೆಯುತ್ತದೆ. ಮನೆ ಕಟ್ಟುವಾಗ ಉಳಿದವು, ಅಂಗಡಿಯಲ್ಲಿ ಒಡೆದು ಬಿದ್ದವು ಸಾಕು. ಆರಿಸುವಾಗ ಹಿಂಬದಿಗೆ ಒಂದು ಹನಿ ನೀರು ಬಿಟ್ಟು ನೋಡಿ. ಗೋಡೆ ಟೈಲ್ಸ್ ಆ ಹನಿಯನ್ನು ಹೀರಿಕೊಂಡು ಕಪ್ಪಾಗುತ್ತದೆ. ವಿಟ್ರಿಫೈಡ್ ಆದರೆ ಹನಿ ಹಾಗೇ ಕೂತಿರುತ್ತದೆ, ಏಕೆಂದರೆ ಅದು ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ. ಮಳೆಗೆ ಅದೇ ಸರಿ. ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ಒಡೆಯಿರಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಟೈಲ್ಸಿನ ಮೂಲ ನೇರ ಅಂಚು ಟೇಬಲ್ಲಿನ ಹೊರಬದಿಗೆ ಬರಲಿ, ಇಲ್ಲದಿದ್ದರೆ ಮೊಣಕೈ ಗೀಚುತ್ತದೆ. ಜೋಡಿಸಲು ತಾಳ್ಮೆ ಬೇಕು, ನಿಜ. ಆದರೆ ಯಾವ ಚೂರು ಎಲ್ಲಿ ಕೂರಬೇಕು ಅಂತ ಕೈಯಾಡಿಸುತ್ತಾ ಹೋಗುವ ಖುಷಿ ಅಂಗಡಿಯ ಹಾಳೆಯಲ್ಲಿ ಸಿಗಲಿಲ್ಲ. ಚಂಡೀಗಢದಲ್ಲಿ ನೇಕ್ ಚಂದ್ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಅಲ್ಲಿನ ಗೊಂಬೆಗಳ ಮೈಮೇಲಿರುವುದೂ ಒಡೆದ ಟೈಲ್ಸ್, ಪಿಂಗಾಣಿ, ಬಳೆ ಚೂರುಗಳೇ ಅಲ್ವಾ!

ಅಂಟುಗಳನ್ನು ಸಣ್ಣ ತುಂಡುಗಳ ಮೇಲೆ ಮೊದಲೇ ಪರೀಕ್ಷಿಸಿದ್ದೆ. ಮರಗೆಲಸದ ಬಿಳಿ ಅಂಟು ಬಕೆಟ್ ನೀರಿನಲ್ಲಿ ನೆನೆದು ಮೆತ್ತಗಾಯಿತು. ಬರೀ ವೈಟ್ ಸಿಮೆಂಟ್ ಒಣಗಿ ಗಟ್ಟಿಯಾಯಿತು, ಆದರೆ ವಿಟ್ರಿಫೈಡ್ ಚೂರಿನ ನುಣುಪು ಬೆನ್ನನ್ನು ಹಿಡಿಯಲಿಲ್ಲ, ಉಗುರಿನಲ್ಲಿ ಎಬ್ಬಿದರೆ ಎದ್ದು ಬಂತು. ಪಾಲಿಮರ್ ಬೆರೆತ ಟೈಲ್ ಅಡೆಸಿವ್ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಇನ್ನು ಗ್ರೌಟ್. ಗಾಜಿನ ಟೇಬಲ್ಲನ್ನು ಈಗ ಜಗಲಿಯ ಮಾಡಿನ ಕೆಳಗೆ ಇಟ್ಟಿದ್ದೇನೆ. ಬೆಳಗಿನ ಓರೆ ಬಿಸಿಲಿಗೆ ಅದು ಹೊಳೆಯುವ ಚಂದ ಚೂರುಗಳಿಗೆ ಬರುವುದಿಲ್ಲ. ಅದರ ಸಂದು ಕೆರೆದು ಎಪಾಕ್ಸಿ, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಗ್ರೌಟ್, ತುಂಬುವವಳಿದ್ದೇನೆ. ದುಡ್ಡು ಜಾಸ್ತಿ, ಬೇಗ ಬಿಗಿಯುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು, ಆದರೆ ಅರಿಸಿನ, ಕಾಫಿ ಕಲೆ ಸುಲಭಕ್ಕೆ ಕೂರುವುದಿಲ್ಲ. ಚೂರಿನ ಟೇಬಲ್ಲಿಗೆ ಸಿಮೆಂಟ್ ಗ್ರೌಟ್ ಮತ್ತು ನೀರು ಇಳಿಯದಂತೆ ಮೇಲೊಂದು ಕೋಟ್ ಸೀಲರ್ ಸಾಕು.